ಲಾವಂಚದ ತಟ್ಟಿಯ ಹಿಂದೆ ಕೂತು ಬರೆದ ವರದಿ

ಹಗಲು ನಿದ್ದೆ ಮಾಡುವವರನ್ನು ಕಂಡರೆ ನನಗೆ ಎಂದೂ ಕೋಪ ಬಂದದ್ದಿಲ್ಲ. ಬರುವುದಾದರೂ ಹೇಗೆ, ನಾನೇ ಆ ಗುಂಪಿನ ಹಿರಿಯ ಸದಸ್ಯ! "ನಿಮಗೆ ಮಂಚ, ಹಾಸಿಗೆ ಯಾಕ್ರೀ? ಮುಂದೆ ಒಂದು ಫೈಲಿಟ್ಟರೆ ಸಾಕು" ಎನ್ನುತ್ತಿದ್ದಳು ನನ್ನ ಹೆಂಡತಿ. ಮಾತು ಖಾರವಾದರೂ ಸುಳ್ಳಲ್ಲ. ಆದರೆ ನನ್ನ ನಿದ್ದೆಯಿಂದ ಯಾರಿಗೂ ಕೇಡಾಗಿಲ್ಲ ಎಂಬ ಒಂದು ಸಮಾಧಾನ ನನಗಿತ್ತು. ಅಗರದ ಮಾದಯ್ಯ ಬಂದು ಅದನ್ನೂ ಕಸಿದುಕೊಂಡ.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಾನು ಅಲ್ಲಿಯ ಒಂದು ಸರ್ಕಾರಿ ಕಛೇರಿಯಲ್ಲಿ ಗುಮಾಸ್ತ. ಎರಡು ಹರದಾರಿ ಆಚೆಗೆ ಅಗರ, ಅದು ಯಳಂದೂರಿನ ಸೀಮೆ, ಮೈಸೂರಿಗೆ ಸೇರಿದ್ದು. ಮಾದಯ್ಯ ಅಲ್ಲಿಯ ಹೊಳೆದಂಡೆಯಲ್ಲಿ ಲಾವಂಚದ ಬೇರು ಅಗೆದು ತಂದು, ಬಿದಿರಿನ ಚೌಕಟ್ಟಿಗೆ ಹೆಣೆದು ತಟ್ಟಿ ಮಾಡುತ್ತಿದ್ದ. ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಸುಡುವ ಗಾಳಿ ತಣ್ಣಗೆ, ಘಮ್ಮೆಂದು ಒಳಗೆ ಬರುತ್ತಿತ್ತು. ಆ ಬೇಸಿಗೆಯಲ್ಲಿ ನಮ್ಮ ಕಛೇರಿಗೆ ತಟ್ಟಿ ಕಟ್ಟಿಸಬಹುದೆಂದು ಮೇಲಿನಿಂದ ಅಪ್ಪಣೆಯೇನೋ ಬಂತು. ಆದರೆ ಕಟ್ಟುವವನಿಗೆ ಲೈಸೆನ್ಸ್ ಇರಬೇಕು, ಅದು ಕೊಯಮತ್ತೂರಿನಿಂದ ಬರಬೇಕು, ಬರಬೇಕಾದರೆ ಗುಮಾಸ್ತನಾದ ನಾನು ಅರ್ಜಿ ತುಂಬಿಸಿ ಸ್ಥಳೀಯ ಪರಿಸ್ಥಿತಿಯ ವರದಿ ಬರೆಯಬೇಕು.

ಆ ಅರ್ಜಿಯ ನಮೂನೆಯನ್ನು ಬರೆದ ಮಹಾನುಭಾವನನ್ನು ನಾನು ಒಮ್ಮೆಯಾದರೂ ನೋಡಬೇಕಿತ್ತು. ಊಟಿಯ ಬಂಗಲೆಗೂ ನಮ್ಮೂರಿನ ಕಛೇರಿಗೂ ಒಂದೇ ಕಾಗದ. 'ಕಟ್ಟಡಗಳಿಗೆ ಶಾಖ ಅಥವಾ ತಂಪು ಒದಗಿಸುವ ಗುತ್ತಿಗೆದಾರರು' ಎಂದು ತಲೆಬರಹ. ಅರ್ಜಿದಾರನು ಈವರೆಗೆ ಎಷ್ಟು ಹೊಗೆಗೂಡು ಕಟ್ಟಿದ್ದಾನೆ ಎಂದು ಮೊದಲನೆಯ ಪ್ರಶ್ನೆ. ನಾನು ಗಂಭೀರವಾಗಿಯೇ ಕೇಳಿದೆ. "ನಮ್ಮನೆ ಬಚ್ಚಲೊಲೆ ಒಂದ್ ಅದೆ, ಬರ್ಕಳಿ ಸಾ" ಎಂದ ಮಾದಯ್ಯ. ಈ ಪ್ರದೇಶದಲ್ಲಿ ಶಾಖ ಒದಗಿಸುವ ಬೇರೆ ಗುತ್ತಿಗೆದಾರರು ಯಾರಾದರೂ ಇದ್ದಾರೆಯೇ ಎಂಬುದು ಎರಡನೆಯದು. ಅವನು ಬಾಗಿಲಾಚೆ ಉರಿಯುತ್ತಿದ್ದ ಬಿಸಿಲನ್ನು ನೋಡಿ, "ಅವ್ನೆ ಸಾ, ಮ್ಯಾಲೆ ಒಬ್ಬ. ಅವ್ನಿಗೆ ಯಾರ್ ಕೊಟ್ರೋ ಕಾಣೆ ಲೈಸೆನ್ಸು" ಎಂದ. ಇಬ್ಬರೂ ನಕ್ಕೆವು. ಆಮೇಲೆ ಅವನು ನಗು ನಿಲ್ಲಿಸಿ, "ಬ್ಯಾಗ ಕಳ್ಸಿ ಸಾ. ಈ ಕಾಗ್ದ ನಂಬ್ಕಂಡು ಬ್ಯಾರೆ ಕೆಲ್ಸ ಬುಟ್ಟೀವ್ನಿ. ಮನೆ ತುಂಬಾ ತಟ್ಟಿ ಕೂತವೆ, ಎಂಡ್ತಿ ಮಕ್ಳು ಜಗಲೀಲಿ ಮಲಗ್ತಾವ್ರೆ. ಒಂದ್ ಮಳೆ ಬಿದ್ರೆ ತಟ್ಟಿ ಯಾರ್ ಕೇಳಾರು?" ಎಂದ. ಆಗಲಪ್ಪಾ, ನಾಳೆಯೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಮಾದರಿಗೆಂದು ತಂದಿದ್ದ ಒಂದು ತಟ್ಟಿಯನ್ನು ಅವನು ನನ್ನ ಮೇಜಿನ ಪಕ್ಕದ ಕಿಟಕಿಗೆ ಕಟ್ಟಿ, ನೀರು ಹಾಕುವ ಬಗೆಯನ್ನು ಜವಾನನಿಗೆ ತೋರಿಸಿ ಹೋದ.

ಆ ತಟ್ಟಿಯ ಹಿಂದಿನ ಮಧ್ಯಾಹ್ನಗಳನ್ನು ಹೇಗೆ ಹೇಳಲಿ! ಹಸಿರು ಕಲಸಿದಂಥ ಮಬ್ಬು ಬೆಳಕು. ತೊಟ್ಟಿಕ್ಕುವ ನೀರಿನ ಟಪ್ ಟಪ್. ಹೊಸ ಮಣ್ಣಿನ, ಹಳೆಯ ಪೆಟ್ಟಿಗೆಯ, ಅಜ್ಜಿಯ ಸೆರಗಿನ ವಾಸನೆ ಎಲ್ಲ ಒಟ್ಟಿಗೆ. ರಸ್ತೆಯ ಗಾಡಿಗಳ ಸದ್ದು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ನಾನು ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ, ಫೈಲುಗಳೆಲ್ಲ ದೋಣಿಗಳಾಗಿ ತೇಲಿ ಹೋಗುತ್ತಿವೆ, ಸಾಹೇಬರು ಆಚೆ ದಡದಿಂದ ಕೂಗುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ. ಆಹಾ! ಇಂಥ ಒಂದು ಮಧ್ಯಾಹ್ನ, ಅರೆಗಣ್ಣಿನಲ್ಲಿ, ಕೊಟ್ಟ ಮಾತು ನೆನಪಾಗಿ ವರದಿಯ ಕೊನೆಯ ಪ್ರಶ್ನೆಗೆ ಉತ್ತರ ಬರೆದೆ. 'ಈ ಊರಿನಲ್ಲಿ ತಂಪಿನ ಏರ್ಪಾಟು ಅಗತ್ಯವೇ?' ಮೈಮೇಲೆ ತಂಗಾಳಿ ಸುಳಿಯುತ್ತಿತ್ತು. ಆತ್ಮಸಾಕ್ಷಿಗೆ ಅನುಗುಣವಾಗಿ ಬರೆದೆ: 'ಇಲ್ಲಿಯ ಹವೆ ಬಹಳ ಹಿತವಾಗಿದೆ. ಸೆಕೆ ಎಂಬುದು ತೋರುವುದಿಲ್ಲ.' ರುಜು ಹಾಕಿ ಟಪಾಲಿಗೆ ಕೊಟ್ಟು ಮತ್ತೆ ಹೊಳೆಗಿಳಿದೆ.

ಹತ್ತು ದಿನಕ್ಕೆ ಉತ್ತರ ಬಂತು. ಅಗತ್ಯವಿಲ್ಲದ ಊರಿಗೆ ಗುತ್ತಿಗೆದಾರನೂ ಅಗತ್ಯವಿಲ್ಲ, ಅರ್ಜಿ ತಿರಸ್ಕೃತ. ನಡೆದುಕೊಂಡು ಬಂದಿದ್ದ ಮಾದಯ್ಯನಿಗೆ ಅದನ್ನು ಓದಿ ಹೇಳುವಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. "ಇದ್ರ ಇಂದ್ಗಡೆ ಕೂತ್ಕಂಡೇ ಬರ್ದ್ರಾ ಸಾ?" ಎಂದ. ಹೂಂ ಎಂದೆ. ಅವನು ಕಿಟಕಿಯ ಹತ್ತಿರ ಹೋಗಿ ಹಗ್ಗ ಬಿಚ್ಚಿ, ತಟ್ಟಿಯನ್ನು ಇಳಿಸಿ ಗೋಡೆಗೆ ಒರಗಿಸಿದ. ಕಿಟಕಿಯಿಂದ ಬಿಸಿಲು ದಡಕ್ಕನೆ ನನ್ನ ಮುಖಕ್ಕೇ ಬಿತ್ತು. "ಈಗ ಬರೀರಿ ಸಾ" ಎಂದು ನೆಲದ ಮೇಲೆ ಕೂತ.

ಬರೆದೆ ನೋಡಿ! ಬೆವರು ಕಾಗದದ ಮೇಲೆ ತೊಟ್ಟಿಕ್ಕಿ ಶಾಯಿ ಹರಡಿತು. ಅದನ್ನು ಒರೆಸದೆ ಸಾಕ್ಷಿಯೆಂದು ಹಾಗೆಯೇ ಬಿಟ್ಟೆ. ಹಿಂದಿನ ವರದಿ ಮಾದರಿ ತಟ್ಟಿಯ ಪ್ರಭಾವದಲ್ಲಿ ಬರೆದದ್ದೆಂದು ಒಪ್ಪಿಕೊಂಡೆ. ಮೇಲಿನವರ ಕರುಳು ಚುರ್ರೆನ್ನಲಿ ಎಂದು ಕೊನೆಗೆ ಒಂದು ಮಾತು ಸೇರಿಸಿದೆ: 'ಗುಮಾಸ್ತರು ಹೇಗೋ ಸೆಕೆಗೆ ಒಗ್ಗಿಕೊಂಡಿದ್ದಾರೆ. ಸಾಹೇಬರ ಪಾಡು ಮಾತ್ರ ನೋಡಲಾಗದು.'

ಮಳೆಗೆ ಮುಂಚೆಯೇ, ಬೇಸಿಗೆ ಇನ್ನೂ ಅರ್ಧ ಇರುವಾಗಲೇ ಲೈಸೆನ್ಸ್ ಬಂತು. ಮಾದಯ್ಯನ ಮುಖ ಅರಳಿತು. ಮುಸಾಫಿರ್ ಖಾನೆಯವರೂ ತಟ್ಟಿ ಬೇಕೆಂದರಂತೆ, ಅವನ ಹೆಂಡತಿ ಮಕ್ಕಳು ಜಗಲಿಯಿಂದ ಒಳಗೆ ಹೋದರಂತೆ. ಜೊತೆಯಲ್ಲೇ ನಮ್ಮ ಕಛೇರಿಗೂ ಹುಕುಂ ಬಂದಿತ್ತು: ತಟ್ಟಿಗಳನ್ನು ಸಾಹೇಬರ ಕೋಣೆಗೆ ಮಾತ್ರ ಕಟ್ಟತಕ್ಕದ್ದು, ಗುಮಾಸ್ತರು ಸೆಕೆಗೆ ಒಗ್ಗಿಕೊಂಡಿರುವುದು ವರದಿಯಿಂದ ತಿಳಿದುಬಂದಿದೆ.

ಮಾದಯ್ಯ ನನ್ನ ಕಿಟಕಿಯ ಮಾದರಿಯನ್ನೂ ಒಯ್ದು ಸಾಹೇಬರ ಕೋಣೆಗೇ ಕಟ್ಟಿದ. ಹೊರಡುವಾಗ ಮಿಕ್ಕ ಬೇರಿನಲ್ಲಿ ಹೆಣೆದ ಒಂದು ಬೀಸಣಿಗೆಯನ್ನು ನನ್ನ ಕೈಗಿತ್ತು, "ಇದ್ಕೆ ಲೈಸೆನ್ಸು ಬ್ಯಾಡ, ಮಡಿಕಳಿ ಸಾ. ಆದ್ರೆ ಬರೆಯೋವಾಗ ಮಾತ್ರ ಬೀಸ್ಕಬ್ಯಾಡಿ" ಎಂದ. ಆಣೆ ಮಾಡಿ ಒಪ್ಪಿಕೊಂಡಿದ್ದೆ. ಇಷ್ಟು ಕಾಲ ನಡೆಸಿಕೊಂಡೂ ಬಂದೆ. ಇವತ್ತು ಮಾತ್ರ ಯಾಕೋ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ. ಯೋಚಿಸಿದರೆ, ಆ ವರ್ಷ ಕೊಳ್ಳೇಗಾಲದಲ್ಲಿ ಅಷ್ಟೇನೂ ಸೆಕೆ ಇರಲಿಲ್ಲವೋ ಏನೋ.