ಭಾವ ಎಡಕ್ಕೆ ಓಡಿಸಿದ ಕಾರು

ಕಾರಿಗೆ ಎಷ್ಟು ಬ್ರೇಕು? ಒಂದು ಎನ್ನುವವರು ನಮ್ಮ ಭಾವನ ಪಕ್ಕದಲ್ಲಿ ಕೂತವರಲ್ಲ! ಭಾವನ ಲೆಕ್ಕದಲ್ಲಿ ಪ್ರತಿ ಸೀಟಿಗೂ ಒಂದೊಂದು ಬ್ರೇಕ್ ಇದೆ. ಬೇರೆಯವರು ಡ್ರೈವ್ ಮಾಡುತ್ತಿದ್ದರೆ ಸಾಕು, ಮುಂದಿನ ಕಾರು ಇನ್ನೂ ಅರ್ಧ ಮೈಲಿ ದೂರದಲ್ಲಿರುವಾಗಲೇ ಭಾವ ಬಲಗಾಲನ್ನು ನೆಲಕ್ಕೆ ಒತ್ತಿ "ಬ್ರೇಕ್ ಹಾಕ್ರಿ! ಬ್ರೇಕ್ ಹಾಕ್ರಿ!" ಎಂದು ಕೂಗುತ್ತಾರೆ. ಅಕ್ಕನ ಕಾರಿನಲ್ಲಿ ಆ ಕಡೆಯ ಮ್ಯಾಟು ಸವೆದು ತೂತು ಬಿದ್ದಿದೆ. ದೇವರಾಣೆ, ನಾನೇ ನೋಡಿದ್ದೇನೆ.

ಭಾವ ಧಾರವಾಡದವರು, ಅಕ್ಕ ನಮ್ಮ ಮೈಸೂರಿನವಳು. ಇಬ್ಬರೂ ಅಮೆರಿಕದ ಟೆಕ್ಸಸ್‌ನ ಯೂಲೆಸ್ ಊರಿಗೆ ಬಂದು ಕಾಲು ಶತಮಾನವಾಯಿತು. ಅವರ ಒಬ್ಬಳೇ ಮಗಳಿಗೆ ಹದಿನೇಳು ತುಂಬಿದಾಗ ಡ್ರೈವಿಂಗ್ ಕಲಿಸುವ ಭಾರವನ್ನು ಭಾವ ತಾವೇ ಹೊತ್ತರು. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಭಾನುವಾರ ಫಾರ್ಮರ್ಸ್ ಬ್ರಾಂಚ್ ಎಂಬ ಹತ್ತಿರದ ಊರಿನ ಆಫೀಸೊಂದರ ಖಾಲಿ ಪಾರ್ಕಿಂಗ್ ಲಾಟ್‌ಗೆ ಕರೆದುಕೊಂಡು ಹೋದರು. ಅಷ್ಟಗಲ ಜಾಗದಲ್ಲಿ ಇದ್ದದ್ದು ಒಂದು ಕರೆಂಟ್ ಕಂಬ.

"ಬ್ರೇಕ್! ಬ್ರೇಕ್! ಕಂಬ ಬಂತ ಕಂಬ! ಕಣ್ಣ ಎಲ್ಲಿಟ್ಟೀ?"

ಕಂಬ ಎಲ್ಲಿಗೂ ಬಂದಿರಲಿಲ್ಲ, ಇದ್ದಲ್ಲೇ ಇತ್ತು. ಇಂಥದ್ದೇ ಕೆಲವು ಸುತ್ತಾದ ಮೇಲೆ ಮಗಳು ಕಾರು ನಿಲ್ಲಿಸಿ, ಕೀಲಿಕೈಯನ್ನು ಅಪ್ಪನ ಮಡಿಲಿಗೆ ಹಾಕಿ, "ಐ ಆ್ಯಮ್ ಡನ್" ಎಂದು ಇಳಿದಳು. ಅಂದಿನಿಂದ ಸ್ಟೀರಿಂಗ್ ಮುಟ್ಟಲಿಲ್ಲ. ಅಪ್ಪನೊಡನೆ "ಓಕೆ", "ಫೈನ್" ಬಿಟ್ಟರೆ ಇನ್ನೊಂದು ಮಾತಿಲ್ಲ. ಆಗಸ್ಟ್ ಬಂದರೆ ಕಾಲೇಜಿಗೆಂದು ಮೂರು ಗಂಟೆ ದಾರಿಯ ಆಸ್ಟಿನ್‌ಗೆ ಹೊರಡುವವಳು!

"ಡ್ರೈವಿಂಗ್ ಮನೆ ಹಾಳಾಗ್ಲಿ ಕಣೇ," ಎಂದಳು ಅಕ್ಕ ಫೋನಿನಲ್ಲಿ. "ಇವ್ರಿಬ್ರೂ ಹೀಗೆ ಮುಖ ತಿರುಗಿಸ್ಕೊಂಡೇ ದೂರ ಆಗ್ಬಿಟ್ರೆ ಏನ್ ಮಾಡ್ಲಿ ನಾನು?"

ಉಪಾಯವನ್ನೂ ಅವಳೇ ಹುಡುಕಿದಳು. ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ ನ್ಯೂಜಿಲೆಂಡ್ ಪ್ರವಾಸ, ಊರೂರು ಸುತ್ತಲು ಒಂದೇ ಕಾರು. ಒಂದೇ ಕಾರಿನಲ್ಲಿ ವಾರವೆಲ್ಲ ಕೂತರೆ ಮಾತಾಡದೆ ಎಲ್ಲಿಗೆ ಹೋಗುತ್ತಾರೆ ಎಂಬುದು ಅವಳ ತರ್ಕ. ಮಧ್ಯಸ್ಥಿಕೆಗೆ ಇರಲಿ ಎಂದು ಅಲ್ಲೇ ಟೆಕ್ಸಸ್‌ನ ಪ್ರಾಸ್ಪರ್‌ನಲ್ಲಿದ್ದ ನನ್ನನ್ನೂ ಎಳೆದುಕೊಂಡಳು.

ಆ ದೇಶದಲ್ಲಿ ರಸ್ತೆಯ ಎಡಗಡೆ ಓಡಿಸಬೇಕು ಎಂದು ನಾನು ನೆನಪಿಸಿದಾಗ ಭಾವ ನಕ್ಕುಬಿಟ್ಟರು.

"ಎಡಗಡೆ ಹೊಡಿಯೂದು ನಮಗೇನ ಹೊಸಾದು? ಧಾರವಾಡದಾಗ ಹುಟ್ಟಿ ಬೆಳದಾವ ನಾನು. ಎಡಕ್ಕನ ಹೊಡದೀನಿ!"

ಅಲ್ಲಿ ಅವರು ಹೊಡೆದದ್ದು ಸೈಕಲ್ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ವಾಹನಪೂಜೆ ಆಗದ ಕಾರನ್ನು ಭಾವ ಹತ್ತುವುದಿಲ್ಲ. ಅದು ಬಾಡಿಗೆಯದಾದರೂ ಸರಿಯೇ! ಇದಕ್ಕೆಂದೇ ಅವರು ತಂದಿದ್ದ ನಿಂಬೆಹಣ್ಣುಗಳು ಏರ್‌ಪೋರ್ಟಿನ ಕಸದ ಡಬ್ಬಿ ಸೇರಿದವು, ಆ ದೇಶಕ್ಕೆ ಹೊರಗಿನ ಹಣ್ಣು ತರುವಂತಿಲ್ಲ. ಬಿಡುವ ಜನವೇ? ಟ್ಯಾಕ್ಸಿ ಮಾಡಿಕೊಂಡು ಅಂಗಡಿಗೆ ಹೋಗಿ ಸ್ಥಳೀಯ ನಿಂಬೆಹಣ್ಣು ತಂದರು. ನಾಲ್ಕೂ ಚಕ್ರಗಳ ಕೆಳಗೆ ಒಂದೊಂದು ಇಟ್ಟು, ಬಾನೆಟ್‌ಗೆ ಕುಂಕುಮ ಹಚ್ಚಿದರು. ಕೀ ಕೊಡಲು ಬಂದ ಹುಡುಗಿ ಕಣ್ಣರಳಿಸಿ "ವಾಟ್ ಈಸ್ ದಿಸ್, ಸರ್?" ಎಂದಳು.

"ಅವರ್ ಇನ್ಶೂರೆನ್ಸ್," ಎಂದರು ಭಾವ ಗಂಭೀರವಾಗಿ.

ಆಮೇಲೆ ಬಾಗಿಲು ತೆಗೆದು ಕೂತರು. ಬೆಲ್ಟ್ ಹಾಕಿಕೊಂಡರು. ಕಣ್ಣು ಮುಚ್ಚಿ ರಾಯರನ್ನು ನೆನೆದರು. ಕಣ್ಣು ಬಿಟ್ಟು ಎರಡೂ ಕೈ ಚಾಚಿದರೆ, ಸ್ಟೀರಿಂಗೇ ಇಲ್ಲ! ಅದು ಆಚೆ ಸೀಟಿನ ಮುಂದೆ ತಣ್ಣಗೆ ಕೂತಿತ್ತು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಈ ಸೀಟು ಹೆಂಗೈತಿ ಅಂತ ಚೆಕ್ ಮಾಡ್ಲಿಕತ್ತಿದ್ದೆ," ಎನ್ನುತ್ತ ಇಳಿದರು. ಮಗಳು ನಗು ತಡೆಯಲು ಫೋನಿನೊಳಗೆ ಮುಖ ಹುದುಗಿಸಿದಳು. ಅಕ್ಕ ನನಗೊಂದು ಕಣ್ಣು ಹೊಡೆದು, ತನಗೆ ಮುಂದೆ ಕೂತರೆ ತಲೆ ಸುತ್ತುತ್ತದೆ ಎಂದು ಸುಳ್ಳು ಹೇಳಿ, ಮಗಳನ್ನು ಅಪ್ಪನ ಪಕ್ಕಕ್ಕೆ ತಳ್ಳಿದಳು.

ಹೊರಟೆವು. ಅಲ್ಲಿ ಜನ ಸಾಹಸ ಬೇಕೆಂದು ದುಡ್ಡು ಕೊಟ್ಟು, ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಸೇತುವೆಯಿಂದ ಹಾರುತ್ತಾರೆ. ನಮಗೆ ಅದರ ಅಗತ್ಯವೇ ಬೀಳಲಿಲ್ಲ! ಪ್ರತಿ ತಿರುವಿನಲ್ಲೂ ಭಾವ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಿದ್ದರು. ರಣಬಿಸಿಲಿನಲ್ಲಿ ಒಣ ಗಾಜಿನ ಮೇಲೆ ಅದು ಕರಕರ ಉಜ್ಜುತ್ತಿತ್ತು. ಒಂದು ಸರೋವರದ ಪಕ್ಕದ ವೃತ್ತದಲ್ಲಂತೂ ಹೊರಬೀಳುವ ದಾರಿ ತಿಳಿಯದೆ ಸುತ್ತಿದ್ದೇ ಸುತ್ತಿದ್ದು.

"ಸರೋವರ ಭಾಳ ಛಂದ ಐತಿ. ಇನ್ನೊಮ್ಮೆ ನೋಡ್ರಿ ಎಲ್ಲಾರೂ," ಎನ್ನುವುದು ಬೇರೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಭಾವ ನೆಲ ಚೆಂದ ಎಂದರು.

ಮುಂದೆ ಕುರಿ ಮಂದೆ ದಾರಿಗೆ ಅಡ್ಡ ಬಂತು. ಭಾವ ಇಳಿದು ಎರಡೂ ಕೈ ಬೀಸುತ್ತ "ಎಡಕ್ಕ! ಎಲ್ಲಾರೂ ಎಡಕ್ಕ!" ಎಂದು ಆಜ್ಞೆ ಮಾಡಿದರು. ಮಂದೆ ಅಷ್ಟೂ ಬಲಕ್ಕೆ ಹೋಯಿತು. ಅವೂ ಟೆಕ್ಸಸ್‌ನ ಕುರಿಗಳೇ ಇರಬೇಕು! ಭಾವ ಕಾರಿಗೆ ಮರಳಿ, ಅವುಗಳ ಹಿಂದೆಯೇ ಬಲಗಡೆ ಹೊರಟರು.

"ಲೆಫ್ಟ್, ಅಪ್ಪಾ! ಸ್ಟೇ ಲೆಫ್ಟ್!" ಎಂದಳು ಮಗಳು. "ಓಕೆ", "ಫೈನ್" ಬಿಟ್ಟು ಅವಳಾಡಿದ ಮೊದಲ ಮಾತು ಅದು. ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಕೈ ಹಿಸುಕಿದಳು.

ಮರುದಿನ ಬೆಟ್ಟಗಳ ನಡುವೆ ಒಂದು ಉದ್ದನೆಯ ಸೇತುವೆ ಸಿಕ್ಕಿತು. ಒಂದೇ ಕಾರಿನಷ್ಟು ಅಗಲ. ಎದುರಿನಿಂದ ವಾಹನ ಬರುತ್ತಿದ್ದರೆ ನಾವು ಈಚೆಯೇ ಕಾಯಬೇಕೆಂದು ಬೋರ್ಡಿತ್ತು. ಭಾವ ಬೆಟ್ಟದ ಮೇಲಿನ ಜಲಪಾತ ನೋಡುತ್ತ ಒಳಗೆ ನುಗ್ಗಿಸಿದರು. ನಡುವಿಗೆ ಬಂದಾಗ ಎದುರಿಗೆ ಮನೆಯಂಥದೊಂದು ದೊಡ್ಡ ವ್ಯಾನು ಬಂದು ನಿಂತಿತು. ಕೆಳಗೆ ಹಾಲು ಬೆರೆಸಿದಂಥ ನೀಲಿ ನದಿ ಭೋರ್ಗರೆಯುತ್ತಿತ್ತು. ಕಾರನ್ನು ಅಷ್ಟು ದೂರವೂ ಹಿಂದಕ್ಕೇ ತೆಗೆದುಕೊಂಡು ಹೋಗಬೇಕಿತ್ತು.

ಭಾವನ ಮುಖ ಬಿಳಿಚಿತು. "ಕೈಕಾಲ ಆಡವಲ್ವು," ಎಂದರು ಸಣ್ಣ ದನಿಯಲ್ಲಿ. ಅಂಥ ದನಿಯನ್ನು ನಾನು ಅವರಿಂದ ಎಂದೂ ಕೇಳಿರಲಿಲ್ಲ. ನನಗೂ ಭಯವಾಯಿತು.

ಮಗಳು ಫೋನ್ ಕೆಳಗಿಟ್ಟಳು. ಅಪ್ಪನ ಭುಜದ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿ ನೋಡುತ್ತ, ಸದಾ ಇಂಗ್ಲಿಷ್‌ನಲ್ಲೇ ಉತ್ತರಿಸುವ ಹುಡುಗಿ ಕನ್ನಡದಲ್ಲಿ ಮಾತಾಡಿದಳು.

"ಸಾವಕಾಶ ಅಪ್ಪಾ. ಅವಸರ ಇಲ್ಲ. ಸ್ವಲ್ಪ ಹಿಂದೆ... ಹಾಂ, ಗುಡ್. ಇನ್ನೂ ಸ್ವಲ್ಪ. ಏನೂ ಆಗಲ್ಲ, ನಾನು ನೋಡ್ತಿದೀನಿ."

ಕಾರು ಅಂಗುಲ ಅಂಗುಲವಾಗಿ ಹಿಂದೆ ಸರಿಯಿತು. ದಡ ಮುಟ್ಟಿತು. ವ್ಯಾನಿನವನು ಕೈ ಬೀಸಿ ಹೋದ. ಭಾವ ಇಂಜಿನ್ ಆಫ್ ಮಾಡಿ ಮಗಳ ಕಡೆ ತಿರುಗಿದರು.

"ನೀ ಒಮ್ಮಿನೂ ಬೈಲಿಲ್ಲಲ್ಲ ಮಗಳ," ಎಂದರು. "ನಾ ಅವತ್ತ ನಿನಗ ಎಷ್ಟ ಬೈದೆ."

"ನೀನು ತುಂಬಾ ಹೆದರಿದ್ದೆ, ಅಪ್ಪಾ. ಬೈದ್ರೆ ಇನ್ನೂ ಹೆದರ್ತಿದ್ದೆ."

"ಅವತ್ತೂ ನಾನ ಹೆದರಿದ್ದೆ ಮಗಳ," ಎಂದರು ಭಾವ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ. "ಕಂಬಕ್ಕಲ್ಲ. ನೀ ಛಲೋ ಹೊಡಿಲಿಕತ್ತಿದ್ದಿ. ಇಷ್ಟ ಲಗೂನ ಕಲತರ, ನೀ ಹೊಂಟ ಹೋಗ್ತೀಯಲ್ಲ ಅಂತ ಹೆದರಿದ್ದೆ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ, ತೊಟ್ಟ ಜೀನ್ಸ್‌ಗೆ ಸೆರಗಿಲ್ಲವಾದ್ದರಿಂದ ನನ್ನ ದುಪಟ್ಟಾದಲ್ಲೇ ಕಣ್ಣೊರೆಸಿಕೊಂಡಳು.

"ಕಲಿತ್ರೆ ತಾನೇ ಅಪ್ಪಾ, ಶುಕ್ರವಾರ ಕ್ಲಾಸ್ ಮುಗಿದ ಕೂಡ್ಲೆ ನಾನೇ ಮನೆಗೆ ಬರೋಕಾಗೋದು?" ಎಂದಳು ಮಗಳು.

ಭಾವ ಅವಳನ್ನು ನೋಡಿದರು. ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು, "ಪ್ರತಿ ಶುಕ್ರವಾರ?" ಎಂದು ಕೇಳಿದರು.