ಕೋಡಿ ಕಲ್ಲಿನ ಮೇಲೆ ನಡೆದ ಪರೀಕ್ಷೆ

ಕೆರೆ ಏರಿಯ ಮೇಲೆ ಕೂತು ನಮ್ಮೆಲ್ಲರನ್ನೂ ಕಾಯುವ ಗಂಗಮ್ಮ ತಾಯಿಗೆ ಮೊದಲು ಕೈ ಮುಗಿಯುತ್ತೇನೆ. ನೀರಿನ ಕೆಲಸದವರಿಗೆ ಹವಾಮಾನದ ಅಪಾಯ ಕಲಿಸುವುದು ನನ್ನ ಉದ್ಯೋಗ; ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ತಾಳ್ಮೆ ಕೊಡು ಎಂದು ಬೇಡಿಕೊಂಡೇ ತರಗತಿಗೆ ಹೋಗುತ್ತೇನೆ. ತಾಯಿ ಕೊಡುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುತ್ತದೆ.

ಹೋದ ಮಳೆಗಾಲದಲ್ಲಿ ಕೆರೆ ಕೋಡಿ ಹರಿದಾಗ ಬಾಗಿನ ಬಿಡಲು ಇಳಿದ ಹೆಂಗಸೊಬ್ಬಳು ಜಾರಿದಳು. ಯಾರೋ ಸೆರಗು ಹಿಡಿದಿದ್ದಕ್ಕೆ ಬದುಕಿದಳು. ಇನ್ನೊಮ್ಮೆ ಹಾಗಾಗಬಾರದು ಎಂದೇ ಈ ಸಲದ ತರಬೇತಿ.

೧. ನಕ್ಷೆ

ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರುಗಳಿಗೆ ನಕ್ಷೆ ಕೊಟ್ಟು, ನೀರು ನುಗ್ಗುವ ಜಾಗಕ್ಕೆ ಕೆಂಪು ಹಚ್ಚಿ ಎಂದೆ. ಗೌರಿಬಿದನೂರಿನವರು ಚಿಂತಾಮಣಿಗೆ ಹಚ್ಚಿದರು. ಚಿಂತಾಮಣಿಯವರು ಶಿಡ್ಲಘಟ್ಟಕ್ಕೆ. ಶಿಡ್ಲಘಟ್ಟದವರು ಗೌರಿಬಿದನೂರಿಗೆ.

"ನಿಮ್ಮ ತಾಲೂಕಲ್ಲಿ ಏನೂ ಇಲ್ವಾ?"

"ಹಚ್ಚಿದ್ರೆ ನಾವೇ ವರದಿ ಬರೀಬೇಕಲ್ಲ ಮೇಡಂ."

"ಹಾಗಾದ್ರೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ?"

ಹಿರಿಯರೊಬ್ಬರು ಸಮಾಧಾನವಾಗಿ ಹೇಳಿದರು, "ಆಂಧ್ರಕ್ಕೆ."

೨. ಡಬ್ಬಿ

ಮೇಲೂರು ಕಡೆಯ ನೀರುಗಂಟಿ ತಾತ, ಕೆರೆಯ ತೂಬು ತೆಗೆದು ನೀರು ಬಿಡುವವನು, ಮುಂದಿನ ಬೆಂಚಿನಲ್ಲೇ ಗೊರಕೆ ಹೊಡೆಯುತ್ತಿದ್ದ. ಅವನ ಊರಿಗೆ ಮಳೆ ಅಳೆಯುವ ಡಬ್ಬಿ ಕೊಟ್ಟಿದ್ದೆ. ಎರಡು ದಿನ ಸುರಿದ ಮೇಲೂ ಪುಸ್ತಕದಲ್ಲಿ ಸೊನ್ನೆ. ಹೋಗಿ ನೋಡಿದರೆ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹೊದಿಸಿ ದಾರ ಬಿಗಿದಿದ್ದಾನೆ. ಅದರ ಮೇಲೆ ಅರಿಶಿನ ಕುಂಕುಮ ಬೇರೆ.

"ಏನ್ ತಾತ ಇದು?"

"ಹೊಸ ಸಾಮಾನು ಮೇಡಮ್ಮ. ನೆಂದ್ರೆ ನಿಮಗೇ ತಾನೆ ಬೇಜಾರು?"

೩. ಕೋಡಿ

ಕಡೆಯ ದಿನ ಎಲ್ಲರಿಗೂ ಹಾಳೆ ಕೊಟ್ಟೆ. ಕೋಡಿ ಹರಿದಾಗ ಅಪಾಯ ಯಾವುದು, ತಡೆಯಬೇಕಾದವರು ಯಾರು, ಅದನ್ನು ಬರೆಯಬೇಕು. ತಾತ ಖಾಲಿ ಹಾಳೆಯನ್ನೇ ಮಡಿಸಿ ಜೇಬಿಗಿಟ್ಟ. "ಆಮೇಲೆ ತುಂಬ್ತೀನಿ ಬಿಡಿ." ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ವಾರದೊಳಗೆ ಅವನ ಕೆರೆಯೇ ಕೋಡಿ ಬಿತ್ತು. ಹೋದ ವರ್ಷ ಅರ್ಧಕ್ಕೆ ನಿಂತ ಹರಕೆ ನನ್ನದು. ಮೊರದ ಬಾಗಿನ ಹಿಡಿದು, ಚಪ್ಪಲಿ ಬಿಟ್ಟು, ಪಾಚಿಗಟ್ಟಿದ ಕಲ್ಲಿನ ಕಡೆಗೆ ಸೀದಾ ನಡೆದೆ. ಅಡ್ಡಲಾಗಿ ಹಗ್ಗ ಕಟ್ಟಿತ್ತು. ಆಚೆ ತಾತ.

"ಅಲ್ಲೇ ನಿಂತ್ಕಳಿ."

"ನಾನು ತಾತ, ಪಾಠ ಹೇಳಿದವಳು."

"ಗೊತ್ತು. ಬಾಗಿನ ಇತ್ತ ಕೊಡಿ, ನಾನೇ ಬಿಡ್ತೀನಿ."

"ಒಂದೇ ಹೆಜ್ಜೆ ಇಳೀತೀನಿ. ತಾಯಿ ಕಾಯ್ತಾಳೆ."

"ಹೋದ್ ಸಲ ಜಾರೋ ಮುಂಚೇನೂ ಇದೇ ಅಂದ್ರಿ. ಸೆರಗು ಹಿಡಿದಿದ್ದು ತಾಯಿ ಅಲ್ಲ ಮೇಡಮ್ಮ, ನಾನು."

ಆ ಹೆಂಗಸು ಯಾರೆಂದು ಮೊದಲೇ ಹೇಳಲು ನನಗೆ ನಾಚಿಕೆಯಾಗಿತ್ತು. ತಾತ ಜೇಬಿನಿಂದ ಹಾಳೆ ತೆಗೆದು ಬಿಡಿಸಿ ತೋರಿಸಿದ. ತುಂಬಿದ್ದ.

ಅಪಾಯ: ಮೇಡಮ್ಮ.

ತಡೆಯಬೇಕಾದವರು: ನಾನು.

ನೂರಕ್ಕೆ ನೂರು ಅಂಕ ಕೊಟ್ಟು ಹಿಂದೆ ಸರಿದೆ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಊರ ಕೆರೆಗಳೂ ತುಂಬಿ ಹರಿಯಲಿ; ಅದನ್ನು ಹಗ್ಗದ ಈಚೆಗೇ ನಿಂತು ಬಹುಕಾಲ ನೋಡುವ ಭಾಗ್ಯವನ್ನು ಗಂಗಮ್ಮ ಕರುಣಿಸಲಿ.