ಕಮಲಾಪುರದ ನವಿಲುಗಳಿಗೆ ಊರವರ ಕಾವಲು

ನಿಯಮ ಇಷ್ಟೇ ಇತ್ತು: ಮುಂಗಾರಿನ ಮಿರಗದ ಮಳೆ ಬಿದ್ದ ದಿನದಿಂದ ದಸರಾದ ತನಕ ಕಮಲಾಪುರದ ಗುಡ್ಡದಲ್ಲಿ ನವಿಲು, ಕೌಜುಗ, ಮೊಲ, ಚಿಗರಿ ಯಾವುದನ್ನೂ ಯಾರೂ ಹೊಡೆಯಬಾರದು, ಮೊಟ್ಟೆ ಮುಟ್ಟಬಾರದು. ಮರಿಯಾಗುವ ಕಾಲ, ಅಷ್ಟು ದಿನ ಅವುಗಳನ್ನು ಅವುಗಳ ಪಾಡಿಗೆ ಬಿಡಿ ಎಂಬುದು ತಾತ್ಪರ್ಯ. ನಿಜಾಮರ ಕಾಲದಲ್ಲಿ ನಾನು ಕಲಬುರಗಿಯ ಜಂಗಲಾತ್, ಅಂದರೆ ಅರಣ್ಯ ಖಾತೆಯಲ್ಲಿದ್ದೆ. ನಿಯಮ ಬರೆದವನು ನಾನೇ. ಅದರಲ್ಲಿ ಸೂಜಿ ತೂರುವಷ್ಟೂ ಸಂದಿಲ್ಲವೆಂದು ನಂಬಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವನ ನಂಬಿಕೆ ಅದು. ಸಂದು ಹುಡುಕಲು ನಮ್ಮ ಜನಕ್ಕೆ ಯಾವ ಶಾಲೆಯೂ ಬೇಕಾಗಿರಲಿಲ್ಲ. ವಾರಕ್ಕೊಂದು ಹೊಸದು ಸಿಗುತ್ತಲೇ ಇತ್ತು.

ಆ ಗುಡ್ಡಕ್ಕೆ ಬೇಲಿ ಹಾಕಿ ದೊಡ್ಡವರ ಶಿಕಾರಿಗೆ ಮೀಸಲಿಡುವ ಮನಸ್ಸು ಮೇಲಿನವರಿಗಿತ್ತು. ಬೇಲಿ ಬಿದ್ದರೆ ಊರ ದನಕ್ಕೆ ಮೇವಿಲ್ಲ, ಒಲೆಗೆ ಕಟ್ಟಿಗೆಯಿಲ್ಲ. ನಾನು ಹಟ ಹಿಡಿದು ಒಂದು ಮಳೆಗಾಲದ ಅವಕಾಶ ಕೇಳಿಕೊಂಡೆ. ಊರವರೇ ಸರದಿ ಮೇಲೆ ಕಾಯಲಿ. ಕಾದರೆ ಗುಡ್ಡ ಅವರ ಕೈಯಲ್ಲೇ ಉಳಿಯಲಿ. ಊರವರು ಕೂಡಲೇ ಒಪ್ಪಿದರು. ಒಪ್ಪುವುದರಲ್ಲಿ ಅವರೆಂದೂ ಹಿಂದೆ ಬಿದ್ದವರಲ್ಲ.

ನಾಯಿಗೆ ಓದಿ ಹೇಳಿದ್ದು

ಕಾವಲಿನ ಮೊದಲ ಪಾಳಿ ಊರ ಗೌಡರ ಆಳಿನದು. ಆತ ನಾಯಿ ಕಟ್ಟಿಕೊಂಡು ಗುಡ್ಡ ಹತ್ತಿದ. ಇಳಿದು ಚಾವಡಿಗೆ ಬಂದಾಗ ಹೆಗಲ ಮೇಲೆ ಮೊಲವಿತ್ತು.

“ಇದೇನಪಾ?”

“ಮೊಲರೀ.”

“ಅದು ನನಗೂ ಕಾಣಸ್ತದ. ಹೊಡದಂವ ಯಾರು?”

“ನಾ ಅಂತೂ ಕೈ ಹಚ್ಚಿಲ್ರಿ. ನಾಯಿ ಹಿಡೀತು. ಬಿಡು ಬಿಡು ಅಂತ ಗದರಿಸೀನ್ರಿ. ಅದು ಬಿಡೋದ್ರಾಗ ಮೊಲಾನೇ ಜೀವಾ ಬಿಟ್ಟಿತ್ತು.”

“ನಿಯಮ ಗೊತ್ತಿಲ್ಲೇನು?”

“ನನಗ ಗೊತ್ತದರಿ. ನಾಯಿಗಿ ಯಾರೂ ಓದಿ ಹೇಳಿಲ್ರಿ.”

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಮರುದಿನ ನಾಯಿಯನ್ನು ಚಾವಡಿಗೆ ಕರೆಸಿ, ಎದುರಿಗೆ ಕೂರಿಸಿ, ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಕಳಿಸದೆ, ನಡುವೆ ಎದ್ದುಹೋಗದೆ ಅದನ್ನು ಪೂರ್ತಿ ಕೇಳಿದ್ದು ಆ ಊರಿನಲ್ಲಿ ಅದೊಂದೇ.

ಸೆರಗಿನ ಮೊಟ್ಟೆ

ಗುಡ್ಡದ ಕೆಳಗೆ ಕೆಂಪು ಬಾಳೆಯ ತೋಟ. ಅದನ್ನು ಕಾಯುವ ಅಜ್ಜಿಗೆ ಕಾವಲಿನಲ್ಲಿ ಎಲ್ಲರಿಗಿಂತ ಹೆಚ್ಚು ಉತ್ಸಾಹ. ಒಂದು ದಿನ ಆಕೆಯ ಗುಡಿಸಲಿಗೆ ಹೋದರೆ ಮೂಲೆಯ ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿದೆ. ಅದರ ಕೆಳಗಿಂದ ಇಣುಕುತ್ತಿದ್ದ ಮೊಟ್ಟೆಗಳು ಕೋಳಿಯವಲ್ಲ, ನವಿಲಿನವು.

“ಅವ್ವಾ, ಮೊಟ್ಟಿ ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆನಲ್ಲ?”

“ಎಲ್ಲಿ ಮುಟ್ಟೀನಪ್ಪ? ಸೆರಗಿನಾಗ ಹಿಡದು ತಂದೀನಿ. ಗುಡ್ಡದಾಗ ಬಿಟ್ರ ನರಿ ತಿಂತಾವ. ನೀವೇ ಕಾಯ್ರಿ ಅಂದಿ. ಈ ವಯಸ್ಸಿನಾಗ ಮಳ್ಯಾಗ ಕುಂತು ಕಾಯೋದಕಿಂತ ಮನ್ಯಾಗ ಕಾಯೋದು ಬೇಷಲ್ಲ?”

ಈಗ ಅವನ್ನು ತಿರುಗಿ ಇಟ್ಟರೂ ತಾಯಿ ನವಿಲು ಕೂರುವುದಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದೆ. ಮರಿಗಳಾದವು, ರೆಕ್ಕೆ ಬಲಿತವು, ಒಂದು ಸಂಜೆ ಎಲ್ಲವೂ ಹಾರಿ ಗುಡಿಸಲಿನ ಚಾವಣಿ ಏರಿದವು. ಕೆಳಗೆ ಕೋಳಿ ಕೂಗಿ ಕೂಗಿ ಗಂಟಲು ಹರಿದುಕೊಂಡಿತು. ಅಜ್ಜಿ ನನ್ನನ್ನು ಹುಡುಕಿಕೊಂಡು ಚಾವಡಿಗೇ ಬಂದಳು.

“ನಮ್ಮ ಕೋಳಿ ಕಾಳು ಮುಟ್ಟವಲ್ದಪ್ಪ. ಅವು ನಿನ್ನ ಮಕ್ಕಳಲ್ಲ ಅಂತ ನಾ ಹ್ಯಾಂಗ ತಿಳಿಸ್ಲಿ? ನಾಯಿಗಿ ಓದಿ ಹೇಳಿದಿ ಅಂತಲ್ಲ, ಇದಕ್ಕೂ ಒಂದೀಟು ಓದಿ ಹೇಳು.”

ವಕೀಲರ ಕೌಜುಗ

ಹಳ್ಳಿಯವರಷ್ಟೇ ಹೀಗೆ, ಪಟ್ಟಣದವರು ತಿಳಿದವರು ಎಂದುಕೊಂಡೆ. ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಸಭೆ ಕೂಡಿಸಿ, ಹೆಸರಾದ ವಕೀಲರೊಬ್ಬರಿಂದ ಮೂಕಪ್ರಾಣಿಗಳ ಪರವಾಗಿ ಭಾಷಣ ಮಾಡಿಸಿದೆ. ಕೇಳಿದವರ ಕಣ್ಣಲ್ಲಿ ನೀರು ಬಂತು. ವಕೀಲರ ಕಣ್ಣಲ್ಲೂ ಬಂತು. ಮುಂದಿನ ವಾರ ಅವರು ನನ್ನನ್ನು ಊಟಕ್ಕೆ ಕರೆದರು. ತಾಟಿನಲ್ಲಿದ್ದುದನ್ನು ನೋಡಿ ಕೈ ಹಿಂದೆ ತೆಗೆದೆ.

“ಇದು ಕೋಳಿ ಅಲ್ಲ.”

“ಬಿಲ್‌ಕುಲ್ ಅಲ್ಲ. ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ? ಕೌಜುಗ.”

“ಎಲ್ಲಿದು?”

“ಕಮಲಾಪುರದ ಕಡೀದು. ಆದ್ರ ಗುಂಡು ಹತ್ತಿದಾಗ ಹಕ್ಕಿ ಸಡಕಿನ ಮ್ಯಾಲ ಹಾರಾಕತ್ತಿತ್ತು. ನಿಮ್ಮ ನಿಯಮ ಗುಡ್ಡಕ್ಕದ, ಸಡಕಿಗಿಲ್ಲ.”

“ಬಿದ್ದದ್ದು ಎಲ್ಲಿ?”

“ಗುಡ್ಡದಾಗ.”

“ಮತ್ತ?”

“ಎಲ್ಲಿ ಬೀಳಬೇಕು ಅನ್ನೋದು ಹಕ್ಕಿ ಮರ್ಜಿ ಸಾಹೇಬ್ರ. ಅದಕ್ಕ ನನ್ನ ಜವಾಬ್ದಾರ ಮಾಡಬ್ಯಾಡ್ರಿ.”

ನಾನು ರೊಟ್ಟಿ, ಶೇಂಗಾ ಹಿಂಡಿ ಅಷ್ಟೇ ತಿಂದು ಎದ್ದೆ. ಹೋದ ವಾರ ಅತ್ತವರು ನೀವೇ ಅಲ್ಲವೇ ಎಂದು ಬಾಗಿಲಲ್ಲಿ ಕೇಳಿದೆ. ಅವರಿಗೆ ಎಳ್ಳಷ್ಟೂ ಮುಜುಗರವಾಗಲಿಲ್ಲ.

“ಅವತ್ತು ಹಕ್ಕಿ ಪರವಾಗಿ ನಿಂತಿದ್ದೆ, ಖರೇ ಅದ. ಇವತ್ತು ನಾ ಎದುರು ಪಾರ್ಟಿ ವಕೀಲ.”

ಯಾರ ಹುಕುಂ?

ಇಷ್ಟೆಲ್ಲ ಆದರೂ ಗುಡ್ಡಕ್ಕೆ ಬೇಲಿ ಬೀಳಲಿಲ್ಲ. ನಿಯಮ ಪಾಲಿಸುವವನೊಬ್ಬ ಊರಲ್ಲಿದ್ದಾನೆಂದು ಮೇಲಿನವರು ಕಣ್ಣಾರೆ ಕಂಡದ್ದೇ ಸಾಕಾಯಿತು. ಅದರ ಶ್ರೇಯಸ್ಸು ನನ್ನದಲ್ಲ, ಗೌಡರದಂತೂ ಅಲ್ಲವೇ ಅಲ್ಲ.

ಶ್ರಾವಣದಲ್ಲಿ ನಮ್ಮ ಖಾತೆಯ ದೊಡ್ಡ ಸಾಹೇಬರು ಕಮಲಾಪುರಕ್ಕೆ ಬಂದರು. ಊರವರು ನಿಯಮ ಪಾಲಿಸಿದ್ದಾರೋ ಇಲ್ಲವೋ ನೋಡಿ, ಗುಡ್ಡ ಯಾರಿಗೆಂದು ತೀರ್ಮಾನಿಸಬೇಕಾದವರು ಅವರೇ. ಜೊತೆಗೆ ಹೈದರಾಬಾದಿನಿಂದ ಬಂದ ಅವರ ಮೈದುನ, ಮೈದುನನ ಜೊತೆಗೆ ಬಂದೂಕು. ಆತನಿಗೆ ಒಂದು ಗಂಡು ನವಿಲು ಹೊಡೆಯುವ ಆಸೆ.

ನಾನು ನಿಯಮದ ಮಾತೆತ್ತಿದೆ. ಸಾಹೇಬರು ಮುಗುಳ್ನಕ್ಕು, “ನಿಯಮ ಊರವರಿಗೆ. ಇವರು ಮೆಹಮಾನ್, ಅತಿಥಿಗಳು” ಎಂದರು. ಗೌಡರು ನನ್ನನ್ನು ಪಕ್ಕಕ್ಕೆ ಎಳೆದರು.

“ನೀವ್ ಸುಮ್ನಿರ್ರಿ. ಸಾಹೇಬ್ರು ಖುಷ್ ಆದ್ರ ಗುಡ್ಡ ನಮ್ದು.”

“ನವಿಲು ಹೊಡಿಸಿ ನವಿಲಿನ ಗುಡ್ಡ ಉಳಿಸ್ತೀರೇನು?”

“ಒಂದ್ ನವಿಲು ಹೋದ್ರ ಏನಾಗ್ತದರಿ? ಅದೂ ಊರಿಗಾಗೇ ಹೋಗ್ತದ.”

ಮಳೆಗಾಲದ ಗಿಡಗಂಟಿಯಲ್ಲಿ ಅಡಗಿದ ನವಿಲು ತಾನಾಗಿ ಹೊರಗೆ ಬರುವುದಿಲ್ಲ. ಹಿಂದಿನಿಂದ ಹಲಗೆ, ಅಂದರೆ ತಮಟೆ, ಬಾರಿಸಿ ಎಬ್ಬಿಸಬೇಕು. ಊರಿಗೆಲ್ಲ ಹಲಗೆ ಒಂದೇ; ಅದು ಡಂಗುರ ಸಾರುವ ಮುದುಕನದು. ನಿಯಮವನ್ನು ಓಣಿ ಓಣಿಗೆ ಸಾರಿದವನೂ ಅವನೇ. ಹೇಳಿ ಕಳಿಸಿದರು, ಬಂದ. ಚಾವಡಿಯ ಅಂಗಳದಲ್ಲಿ ನಾಲ್ಕು ಕಡ್ಡಿ ಉರಿ ಮಾಡಿ, ಚರ್ಮ ಬಿಗಿಯಾಗಲೆಂದು ಹಲಗೆ ಕಾಯಿಸತೊಡಗಿದ. ಗೌಡರ ಮುಖ ಅರಳಿತು.

“ಏನ್ ಸಾರಬೇಕ್ರಿ?” ಮುದುಕ ಕೇಳಿದ.

“ಸಾರೋದಲ್ಲೋ, ಗುಡ್ಡದಾಗ ಬಾರ್ಸು. ನವಿಲು ಏಳಬೇಕು.”

“ಅದ್ಹ್ಯಾಂಗ್ರಿ? ದಸರಾ ತನಕ ಬ್ಯಾಟಿ ಇಲ್ಲಂತ ಇದೇ ಹಲಗಿ ಮ್ಯಾಲ ಸಾರೀನಿ. ಇದೇ ಹಲಗಿ ಬ್ಯಾಟಿಗಿ ಬಾರಿಸಿದ್ರ ನಾಳೆ ಇದರ ಮಾತು ಯಾರು ಕೇಳ್ತಾರ? ಮೊದಲ ನಿಯಮ ರದ್ದಾತಂತ ಊರಾಗ ಸಾರಿ ಬರ್ತೀನಿ, ಆಮ್ಯಾಲ ಬಾರಸ್ತೀನಿ.”

“ಸಾರು ಹೋಗು,” ಎಂದ ಮೈದುನ ಬೇಸರದಿಂದ.

“ಸಾರ್ತೀನ್ರಿ. ಯಾರ ಹುಕುಂ ಅನ್ಲಿ? ಹೆಸರಿಲ್ದ ಡಂಗುರ ನಮ್ಮಲ್ಲಿ ಇಲ್ರಿ.”

ಮೈದುನ ಸಾಹೇಬರನ್ನು ನೋಡಿದ. ಸಾಹೇಬರು ಗೌಡರನ್ನು ನೋಡಿದರು. ತಮ್ಮ ಹೆಸರು ಓಣಿ ಓಣಿಯಲ್ಲಿ ಕೂಗಿಸಿಕೊಳ್ಳುವ ಆಸೆ ಯಾರಿಗೂ ಇದ್ದಂತಿರಲಿಲ್ಲ. ಗೌಡರು ನನ್ನ ಕಡೆ ಕೈ ಮಾಡಿದರು.

“ಇವ್ರ ಹೆಸರು ಹೇಳು.”

“ಅವರು ಬ್ಯಾಡಂದವರು. ಬ್ಯಾಡಂದವರ ಹೆಸರಿನ್ಯಾಗ ಹ್ಯಾಂಗ ಹೂಂ ಅನ್ಲಿರಿ?”

“ಏ ಮುದುಕಾ, ಯಾರದಾರ ಒಂದು ಹೆಸರು ಹೇಳಿ ಬಾರಿಸ್ತಿಯೋ ಇಲ್ಲೋ?”

ಮುದುಕ ಎದ್ದು ನಿಂತ. ಬೆಚ್ಚಗಾಗಿದ್ದ ಹಲಗೆಯನ್ನು ಬೆರಳಿಂದ ಒಮ್ಮೆ ತಟ್ಟಿದ, ಖಣ್ಣೆಂದಿತು. ಅದನ್ನು ಹಿಡಿದುಕೊಂಡು ಸಾಹೇಬರ ಕುದುರೆಗೆ ನೀರಿಟ್ಟಿದ್ದ ಬಾನಿಯ ಹತ್ತಿರ ಹೋಗಿ, ಕೂಸಿಗೆ ಎರೆಯುವಷ್ಟು ಜೋಪಾನವಾಗಿ, ಪೂರ್ತಿ ಮುಳುಗಿಸಿ ಎತ್ತಿದ.

“ತೊಯ್ದು ಹೋತು ನೋಡ್ರಿ,” ಎಂದು ಎಲ್ಲರಿಗೂ ತೋರಿಸಿ ಹೇಳಿದ, “ಈ ಮೋಡದಾಗ ಒಣಗಬೇಕಂದ್ರ ದಸರಾನೇ ಆಗಬೇಕ್ರಿ.”